ಒಬ್ಬರಿಗೆ ಒಂದೇ ಸಲ

ಎಲೆಕ್ಷನ್ ಡ್ಯೂಟಿ ಆರ್ಡರ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನಕ್ಕೆ ಸೊಂಟ ನೋವು ಶುರುವಾಗುತ್ತದೆ. ಆಗಸ್ಟ್ 15ಕ್ಕೆ ಜೋರಾಗಿ ಭಾಷಣ ಮಾಡುವವರಿಗೇ ಮೊದಲು ಬರುತ್ತದೆ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಗೆ ನನ್ನನ್ನು ಶಿರಾ ಕಡೆಯ ಒಂದು ಹಳ್ಳಿಗೆ ಪಿ.ಆರ್.ಓ., ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಆಗಿ ಹಾಕಿದ್ದರು.

ಮಸ್ಟರಿಂಗ್‌ನಲ್ಲಿ ಸಾಮಾನು ತೆಗೆದುಕೊಂಡು, ಮಷಿನ್ ಪೆಟ್ಟಿಗೆಗಳ ಜೊತೆ ಊರು ಮುಟ್ಟಿದಾಗ ಸಂಜೆ. ಬರದ ವರ್ಷ, ವಿಪರೀತ ಸೆಕೆ. ಬಿಸಿಯೂಟದ ಅಮ್ಮ ಅನ್ನ ಸಾರು ಮಾಡುತ್ತಿದ್ದರು. ಅಷ್ಟರಲ್ಲಿ ಊರಿನ ಮುಖಂಡರ ಮನೆಯಿಂದ ಕೋಳಿ ಸಾರಿನ ಕ್ಯಾರಿಯರ್ ಬಂತು. ನಮ್ಮ ತಂಡದಲ್ಲಿದ್ದ ಗ್ರಾಮ ಆಡಳಿತಾಧಿಕಾರಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, "ಬೇಡ ಅಣ್ಣ, ನಮಗೆ ಇಲ್ಲೇ ಊಟ ಆಗ್ತಿದೆ" ಅಂತ ನಗುತ್ತಲೇ ವಾಪಸ್ ಕಳಿಸಿದಳು. ನನಗೆ ಒಳಗೊಳಗೇ ಬೇಜಾರಾಯಿತು, ಸುಳ್ಳು ಯಾಕೆ?

ಬೆಳಗ್ಗೆ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ವೋಟು ಒತ್ತಿಸಿ, ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಎಣಿಸಿ, ತಾಳೆ ನೋಡಿ, ಮಷಿನ್ ಕ್ಲಿಯರ್ ಮಾಡಬೇಕು. ಏಳಕ್ಕೆ ಸಾಲು ಶುರು.

ಹತ್ತರ ಸುಮಾರಿಗೆ ಆ ಮುಖಂಡರು ಕಣ್ಣು ಕಾಣದ ಅಜ್ಜಿಯೊಬ್ಬರನ್ನು ಕರೆತಂದರು. ಅಂಥವರ ಜೊತೆ 18 ತುಂಬಿದ ಒಬ್ಬರು ಒಳಗೆ ಹೋಗಬಹುದು. ಯಾರಿಗೆ ಹಾಕಿದರು ಅಂತ ಬಾಯಿ ಬಿಡಲ್ಲ, ಇವತ್ತು ಬೇರೆ ಯಾರಿಗೂ ಜೊತೆಗಾರ ಆಗಿಲ್ಲ ಅಂತ ಬರೆದುಕೊಡಬೇಕು. ಬರೆದುಕೊಟ್ಟರು, ಹೋಗಿ ಬಂದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಅಜ್ಜಿಯ ಕೈ ಹಿಡಿದು ಮತ್ತೆ ಹಾಜರ್.

"ಅಣ್ಣ, ನೀವು ಆಗಲೇ ಒಬ್ರ ಜೊತೆ ಹೋಗಿ ಬಂದ್ರಿ" ಅಂದಳು ನಮ್ಮ ಹುಡುಗಿ.

"ಇವ್ರು ನಮ್ ದೊಡ್ಡಮ್ಮ ಕಣಮ್ಮ."

"ದೊಡ್ಡಮ್ಮ ಆದ್ರೂ ಅಷ್ಟೇ ಅಣ್ಣ. ಒಬ್ಬರಿಗೆ ಒಂದೇ ಸಲ."

ನಮ್ಮ ಬೂತಿನಲ್ಲಿ ಕ್ಯಾಮೆರಾ ಇರಲಿಲ್ಲ. ಎದುರು ಪಕ್ಷದ ಏಜೆಂಟ್ ತುಟಿ ಬಿಚ್ಚಲಿಲ್ಲ. ಅವನ ಮನೆಗೆ ನೀರು ಬರುವುದು ಈ ಮುಖಂಡರ ಬೋರ್‌ವೆಲ್‌ನಿಂದ ಅಂತ ಆಮೇಲೆ ಗೊತ್ತಾಯಿತು. ಅಂದರೆ ಅವಳು ಸುಮ್ನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. "ರೂಲ್ಸ್ ಹಂಗಿದೆ ಸ್ವಾಮಿ" ಅಂತ ನಾನೂ ದನಿಗೂಡಿಸಿದೆ. ಮುಖಂಡರು ಗೊಣಗಿಕೊಂಡೇ ಹೊರಗೆ ಹೋದರು. ಗಲಾಟೆಗೆ ಜನ ಕರೆತರುತ್ತಾರೆ ಅಂದುಕೊಂಡೆ. ಬಂದಿದ್ದು ಬೈಕಿನ ಹಿಂದೆ ಆ ಅಜ್ಜಿಯ ಸೊಸೆಯನ್ನು ಕೂರಿಸಿಕೊಂಡು. ನನಗೆ ಆ ಹುಡುಗಿಯಷ್ಟೇ ಈ ಮನುಷ್ಯನೂ ಮುಖ್ಯ ಅನ್ನಿಸುತ್ತಾರೆ. 'ಇಲ್ಲ' ಅನ್ನುವವರು ಒಬ್ಬರಿದ್ದರೆ ಸಾಲದು, ಅದನ್ನು ಕೇಳಿಸಿಕೊಳ್ಳುವವರೂ ಬೇಕಲ್ವಾ?

ಮೊದಲ ಚುನಾವಣೆ, 1951-52ರಲ್ಲಿ, ಉತ್ತರದ ಕಡೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿದ್ದುಹೋದವು. ಹೊಸ ದೇಶ, ಜಗತ್ತೆಲ್ಲ ನೋಡುತ್ತಿದೆ, ಪಟ್ಟಿ ಉದ್ದ ಇದ್ದರೆ ಚೆಂದ ಅಂತ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಆ ಹೆಂಗಸರಿಗೆ ಅನ್ಯಾಯ ಆಯಿತು ಅಂತ ಅರ್ಧ ಮನಸ್ಸು ಈಗಲೂ ಹೇಳುತ್ತದೆ. ಆದರೂ ಅಂಥ ಮೊಂಡುತನದ ಮೇಲೇ ಈ ಪದ್ಧತಿ ನಿಂತಿರುವುದು.

ಹಾಗಂತ ಆ ಹಳ್ಳಿ ಸತ್ಯಹರಿಶ್ಚಂದ್ರನ ಊರೇನಲ್ಲ. ಹಿಂದಿನ ರಾತ್ರಿ ದುಡ್ಡು ಹಂಚಿದ್ದರಂತೆ. ಮಧ್ಯಾಹ್ನ ಮುದ್ದೆ ಬಡಿಸುತ್ತಾ ಅಡುಗೆಯಮ್ಮ ಸಲೀಸಾಗಿ ಹೇಳಿದರು: "ಎಲ್ಲಾರೂ ಕೊಟ್ರು, ಎಲ್ಲಾರತ್ರಾನೂ ಇಸ್ಕಂಡ್ವಿ. ವೋಟು ನಮ್ಮಿಷ್ಟ." ಇದನ್ನು ಯಾವ ಖಾತೆಗೆ ಬರೆಯಬೇಕೋ! ತಗೊಂಡಿದ್ದು ತಪ್ಪೇ. ಆದರೆ ಮಾರಿಕೊಂಡವರ ಮಾತಿನ ಹಾಗಿರಲಿಲ್ಲ ಅದು.

ಸಂಜೆ ಆರಕ್ಕೆ ಮತದಾನ ಮುಗಿಸಿ, ಬಿದ್ದ ವೋಟಿನ ಲೆಕ್ಕದ 17ಸಿ ನಮೂನೆ ತುಂಬಿ ಏಜೆಂಟರಿಗೆ ಒಂದೊಂದು ಪ್ರತಿ ಕೊಟ್ಟೆ. ಬೋರ್‌ವೆಲ್ ನೀರಿನ ಏಜೆಂಟ್ ಸಹಿ ಹಾಕುತ್ತಾ ಆ ಹುಡುಗಿಯನ್ನು ಕೇಳಿದ, "ಮೇಡಂ, ಪಂಚಾಯ್ತಿ ಎಲೆಕ್ಷನ್‌ಗೂ ನೀವೇ ಬತ್ತೀರಾ?" ಮೆಚ್ಚಿ ಕೇಳಿದನೋ, ಹೆದರಿ ಕೇಳಿದನೋ.

"ಎಲ್ಲಿಗೆ ಹಾಕ್ತಾರೋ ಅಣ್ಣ" ಅಂದಳು, ಸೀಲಿಗೆ ಅರಗು ಕಾಯಿಸುತ್ತಾ.