ದೀಪ ಮಿನುಗುತ್ತದೆ, ಕರೆ ಮಾತ್ರ ಸಿಗುವುದಿಲ್ಲ: ಪ್ರೆಸ್ಸಿನ ಫೋನ್ ಬಟನ್‌ಗಳು

ಕೊನೆಗೂ ಗೆಳೆಯನ ಮುದ್ರಣಾಲಯದಲ್ಲಿ 103 ಎಂಬ ಒಳಸಂಖ್ಯೆಯ ಬಟನ್ ಹೇಳಿದ ಮಾತು ಕೇಳಿತು. ಲೆಕ್ಕಪತ್ರದವರ ಫೋನ್ ರಿಂಗಾಗುತ್ತಿರುವಾಗ ಡಿಟಿಪಿ ಮೇಜಿನಲ್ಲಿ ಕುಳಿತವರು ಮಿನುಗುವ ಕೆಂಪು ದೀಪದ ಬಟನ್ ಒತ್ತಿದರೆ ಕರೆ ಅವರಿಗೆ ಬರುತ್ತದೆ. ಬೇಕಾಗಿದ್ದುದು ಇಷ್ಟೇ. ಇಷ್ಟಕ್ಕೇ ಎಷ್ಟು ನಿದ್ದೆಗೆಟ್ಟೆನೋ!

ಗೆಳೆಯನ ಪ್ರೆಸ್ಸಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಆಸ್ಟರಿಸ್ಕ್ ಎಂಬ ದೂರವಾಣಿ ವಿನಿಮಯ ತಂತ್ರಾಂಶವನ್ನು ಕೂರಿಸಿದ್ದು, ಲ್ಯಾಂಡ್‌ಲೈನನ್ನು ಅದಕ್ಕೆ ಜೋಡಿಸುವ ಎಫ್‌ಎಕ್ಸ್‌ಒ ಗೇಟ್‌ವೇ ಎಂಬ ಪೆಟ್ಟಿಗೆಗೆ ಸಿಕ್ಕಿಸಿದ್ದು, ಫೋನ್‌ಗಳೊಡನೆ ಮಾತಾಡುವ ಆಸ್ಟರಿಸ್ಕ್‌ನ ಭಾಗವಾದ ಪಿಜೆಸಿಪ್‌ನಲ್ಲಿ ಎಕ್ಸ್‌ಟೆನ್ಶನ್‌ಗಳನ್ನು (ಒಳಸಂಖ್ಯೆಗಳನ್ನು) ತೆರೆದದ್ದು ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಈ ಹವ್ಯಾಸದವರಿಗೆ ಅದು ನಿತ್ಯದ ಅಡುಗೆ. 101 ಸ್ವಾಗತದ ಮೇಜು, 102 ಡಿಟಿಪಿ, 103 ಲೆಕ್ಕಪತ್ರ, 104 ಯಂತ್ರದ ಕೋಣೆ, 105 ಮಾಲೀಕರು. ಹೊರಗಿನ ಕರೆ 200 ಎಂಬ ಗುಂಪಿಗೆ ಬಂದು 101 ಮತ್ತು 103 ಎರಡನ್ನೂ ಒಟ್ಟಿಗೆ ಬಾರಿಸುತ್ತದೆ. ಈ 200 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಫೋನ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಯೀಲಿಂಕ್ ಟಿ46ಜಿ. ಪಕ್ಕದಲ್ಲಿ ದೀಪವಿರುವ 10 ಬಟನ್‌ಗಳು. ಪುಟ ತಿರುಗಿಸಿದರೆ ಒಟ್ಟು 27 ಕೆಲಸಗಳನ್ನು ಅವುಗಳಿಗೆ ಹಂಚಬಹುದು. ಮಾರಿದ ಅಂಗಡಿಯವರ ಮೇಲೆ ನನಗಿನ್ನೂ ಸಿಟ್ಟಿದೆ. ಅಡಾಪ್ಟರ್ ಕೊಡಲಿಲ್ಲ, ಹೋಗಲಿ, ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಇತ್ತು. ಆದರೆ ಒಂದು ಫೋನಿನೊಳಗೆ ಹಿಂದಿನ ಕಚೇರಿಯ ಪ್ರಾವಿಷನಿಂಗ್ ವಿಳಾಸ (ಸೆಟ್ಟಿಂಗ್‌ಗಳನ್ನು ಇಳಿಸಿಕೊಳ್ಳುವ ಸರ್ವರಿನದು) ಹಾಗೆಯೇ ಉಳಿದಿತ್ತು. ನಾನು ಬಟನ್‌ಗಳನ್ನು ಹಂಚಿಟ್ಟರೆ, ವಿದ್ಯುತ್ ಹೋಗಿ ಬಂದೊಡನೆ ಅದು ತನ್ನ ಹಳೆಯ ಯಜಮಾನನನ್ನು ಕೇಳಿ ಎಲ್ಲವನ್ನೂ ಅಳಿಸಿಕೊಂಡು ಕೂರುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, "ಬಟನ್ ಒತ್ತಿದರೆ ಒಳಗೆ ಹೋಗುತ್ತದೆ ತಾನೇ ಸಾರ್?" ಎಂದು ಕೇಳಿದರು. ಹೋಗುತ್ತದೆ, ಸ್ವಾಮಿ. ಓಕೆ ಬಟನನ್ನು ಒತ್ತಿಹಿಡಿದು ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆ ಆ ಕಾಟ ತಪ್ಪಿತು. ಹಳೆಯ ಫೋನ್ ಮನೆಗೆ ತಂದವರು ಮೊದಲು ಮಾಡಬೇಕಾದ ಕೆಲಸ ಇದು.

ಇನ್ನು ನಿಜವಾದ ತಕರಾರಿಗೆ ಬರೋಣ. 102ರ ಫೋನಿನ ಮೂರನೆಯ ಬಟನ್‌ಗೆ ಬಿಎಲ್‌ಎಫ್ (ಇನ್ನೊಂದು ಫೋನಿನ ಸ್ಥಿತಿಯನ್ನು ದೀಪದಲ್ಲಿ ತೋರಿಸುವ) ವಿಧ ಕೊಟ್ಟು, 103 ಎಂದು ತುಂಬಿ, ಪಿಕಪ್ ಕೋಡ್ ಜಾಗದಲ್ಲಿ ಎರಡು ನಕ್ಷತ್ರ ಚಿಹ್ನೆ (**) ಹಾಕಿದೆ. ಯಾವ ಸಂಖ್ಯೆ ಒತ್ತಿದರೆ ಏನು ಮಾಡಬೇಕೆಂದು ಆಸ್ಟರಿಸ್ಕ್‌ಗೆ ಹೇಳುವ ಡಯಲ್‌ಪ್ಲ್ಯಾನ್‌ನಲ್ಲಿ 103ಕ್ಕೆ ಹಿಂಟ್ (ಯಾವ ಫೋನಿನ ಸ್ಥಿತಿ ತಿಳಿಸಬೇಕೆಂಬ ಸಾಲು) ಇತ್ತು. **103 ಬಂದರೆ 103ರ ಕರೆಯನ್ನು ಎತ್ತಿಕೊಳ್ಳಲು ಪಿಕಪ್ ಎಂಬ ಆದೇಶವಿತ್ತು. ಎಲ್ಲ ಕೈಪಿಡಿಗಳೂ ಹೇಳುವ ದಾರಿ ಇದೇ. ಖಾಲಿ ಇದ್ದಾಗ ಹಸಿರು, ರಿಂಗಾದಾಗ ಮಿನುಗುವ ಕೆಂಪು, ಮಾತಿನಲ್ಲಿದ್ದಾಗ ನಿಂತ ಕೆಂಪು: ದೀಪ ತನ್ನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿತು. 104ರಿಂದ 103ಕ್ಕೆ ಕರೆ ಮಾಡಿ 102ರಲ್ಲಿ ಬಟನ್ ಒತ್ತಿದರೆ ಕರೆ ಸಿಕ್ಕಿತು. ಎಲ್ಲರೂ ಚಹಾ ಕುಡಿದೆವು.

ಮರುದಿನ ಮದುವೆಯ ಆಮಂತ್ರಣ ಪತ್ರಿಕೆಯ ಗಿರಾಕಿಯೊಬ್ಬರು ಹೊರಗಿನಿಂದ ಕರೆ ಮಾಡಿದರು. 103ರ ದೀಪ ಮಿನುಗಿತು. ಡಿಟಿಪಿಯವರು ಒತ್ತಿದರು. ಕರೆ ಬರಲಿಲ್ಲ, ಲೈನ್ ಕಡಿದುಹೋಯಿತು; ಅತ್ತ 103 ರಿಂಗಾಗುತ್ತಲೇ ಇತ್ತು. ಒಳಗಿನ ಕರೆಗೆ ಸರಿ, ಹೊರಗಿನ ಕರೆಗೆ ಇಲ್ಲ. ಮೊದಲ ಅನುಮಾನ ಗೇಟ್‌ವೇ ಮೇಲೆ ಹೋಯಿತು, ಅದು ನಿರಪರಾಧಿ. ಸಂದೇಶಗಳನ್ನು ತೋರಿಸುವ ಪಿಜೆಸಿಪ್ ಲಾಗರ್ ಹಚ್ಚಿ ನೋಡಿದರೆ ಫೋನ್ **103 ಎಂದೇ ಕಳಿಸುತ್ತಿತ್ತು, ಅದೂ ನಿರಪರಾಧಿ. ಕಾಂಟೆಕ್ಸ್ಟ್ (ಡಯಲ್‌ಪ್ಲ್ಯಾನ್‌ನ ವಿಭಾಗ) ಕೂಡ ಒಂದೇ ಆಗಿತ್ತು.

ಗಂಟು ಬಿಚ್ಚಿದ್ದು, ಕರೆ ರಿಂಗಾಗುತ್ತಿರುವಾಗಲೇ ಚಾನೆಲ್‌ಗಳ (ಕರೆಯಲ್ಲಿ ಪ್ರತಿ ಫೋನಿಗೂ ಆಸ್ಟರಿಸ್ಕ್ ತೆರೆಯುವ ಕೊಂಡಿಗಳ) ವಿವರವಾದ ಪಟ್ಟಿಯನ್ನು ಕನ್ಸೋಲಿನಲ್ಲಿ ತೆಗೆದು ನೋಡಿದಾಗ. 103ರ ಫೋನಿನ ಚಾನೆಲ್ ಅಲ್ಲಿತ್ತು, ಸ್ಥಿತಿ ರಿಂಗಿಂಗ್. ಆದರೆ ಎಕ್ಸ್‌ಟೆನ್ಶನ್ ಕಾಲಮ್ಮಿನಲ್ಲಿ 103 ಇರಲಿಲ್ಲ, 200 ಇತ್ತು!

ದೀಪ ನೋಡುವುದೇ ಬೇರೆ, ಪಿಕಪ್ ನೋಡುವುದೇ ಬೇರೆ. ಹಿಂಟ್ ಕಟ್ಟಿರುವುದು ಸಾಧನಕ್ಕೆ. ಆ ಫೋನ್ ಯಾರ ಕರೆಗೆ ರಿಂಗಾದರೂ ಆಸ್ಟರಿಸ್ಕ್ ನೋಟಿಫೈ ಸಂದೇಶ ಕಳಿಸುತ್ತದೆ, ದೀಪ ಮಿನುಗುತ್ತದೆ. 2005ರ ಆರ್‌ಎಫ್‌ಸಿ 4235 ಎಂಬ ಇಂಟರ್ನೆಟ್ ಮಾನಕ ಹೇಳುವ ಕ್ರಮ ಅದು. ಪಿಕಪ್ ಆದೇಶವಾದರೋ ಕರೆ ಮಾಡಿದವರು ಯಾವ ಸಂಖ್ಯೆಗೆ ಬಂದರು ಎಂಬುದನ್ನು ಹುಡುಕುತ್ತದೆ. 104ರವರು 103ನ್ನೇ ಒತ್ತಿದ್ದರು, ಅದಕ್ಕೇ ಸಿಕ್ಕಿತು. ಗಿರಾಕಿ ಬಂದದ್ದು 200ಕ್ಕೆ. ಡಯಲ್ ಆದೇಶ ಆ 200ನ್ನೇ ಎರಡೂ ಫೋನ್‌ಗಳ ಚಾನೆಲ್‌ಗೆ ದಾಟಿಸಿತು. 103 ಎಂಬ ಹೆಸರಿನ ಕರೆಯೇ ಅಲ್ಲಿಲ್ಲದಿದ್ದಾಗ ಎತ್ತುವುದೇನನ್ನು?

ಮದ್ದು ಒಂದೇ ಸಾಲು. ಪಿಕಪ್ ಬದಲು ಪಿಕಪ್‌ಚಾನ್ ಬಳಸಿ, ** ಕಳೆದು ಉಳಿದ ಸಂಖ್ಯೆಯನ್ನು ಪಿಜೆಸಿಪ್ ಸಾಧನದ ಹೆಸರಾಗಿ ಕೊಟ್ಟೆ. ಈಗ ಅದು ಫೋನಿನ ಚಾನೆಲನ್ನೇ ಹಿಡಿಯುತ್ತದೆ. ಕರೆ ಗುಂಪಿನಿಂದ ಬರಲಿ, ನೇರವಾಗಿ ಬರಲಿ, ದೀಪ ತೋರಿಸಿದ್ದೇ ಕೈಗೆ ಸಿಗುತ್ತದೆ. ನನ್ನನ್ನು ಕೇಳಿದರೆ ಬಿಎಲ್‌ಎಫ್ ಬಟನ್‌ಗಳಿಗೆ ಮೊದಲಿನಿಂದಲೂ ಇದನ್ನೇ ಕಲಿಸಬೇಕು. ಎಚ್ಚರಿಕೆಯ ಮಾತೊಂದಿದೆ: *8 ಒತ್ತುವ ಗುಂಪು ಪಿಕಪ್‌ಗೆ ಯಾರ ಕರೆಯನ್ನು ಯಾರು ಎತ್ತಬಹುದೆಂದು ಹೇಳುವ ಕಾಲ್ ಗ್ರೂಪ್, ಪಿಕಪ್ ಗ್ರೂಪ್‌ಗಳ ಬೇಲಿ ಇದೆ, ಪಿಕಪ್‌ಚಾನ್‌ಗೆ ಅದಿಲ್ಲ. ಹಾಗೆ ಬಿಟ್ಟರೆ ಯಂತ್ರದ ಕೋಣೆಯಿಂದ ಮಾಲೀಕರ ಕರೆಯನ್ನೂ ಎತ್ತಬಹುದು. ಅದಕ್ಕೆ ಡಯಲ್‌ಪ್ಲ್ಯಾನ್ ಒಪ್ಪುವ ಸಂಖ್ಯೆಗಳ ಮಾದರಿಯನ್ನು 101ರಿಂದ 104ರವರೆಗೆ ಮಾತ್ರ ನಿಲ್ಲಿಸಿ 105ನ್ನು ಹೊರಗಿಟ್ಟೆ.

ಈ ನಡುವೆ ಮುಂದಿನ ಯೋಜನೆ ತಲೆ ಹೊಕ್ಕಿದೆ. ಪ್ರೆಸ್ಸಿನ ಅಟ್ಟದ ಮೇಲೆ ಐಟಿಐನ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಪ್ಪು ಫೋನ್ ಸಿಕ್ಕಿದೆ, ಬೆರಳಿಟ್ಟು ತಿರುಗಿಸುವ ಡಯಲ್‌ನದು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ದೂರವಾಣಿನಗರಕ್ಕೆ ಆ ಹೆಸರು ತಂದ ಕಾರ್ಖಾನೆಯ ಮಾಲು. ಹಿಡಿಕೆಯ ತೂಕವೇ ಬೇರೆ. ಅದನ್ನು ಬೈಂಡಿಂಗ್ ಕೋಣೆಯ 106 ಮಾಡಬೇಕು. ಡಯಲ್ ತಿರುಗುವಾಗ ಹೊರಡುವ ಪಲ್ಸ್ ಓದಬಲ್ಲ ಎಟಿಎ (ಹಳೆಯ ಫೋನನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಹುಡುಕುತ್ತಿದ್ದೇನೆ. ಆದರೆ ಆ ಡಯಲ್‌ನಲ್ಲಿ * ಎಲ್ಲಿದೆ? ಆದ್ದರಿಂದ ** ಜೊತೆಗೆ 8 ಎಂಬ ಮುನ್ನಂಕಿಯನ್ನೂ ಡಯಲ್‌ಪ್ಲ್ಯಾನ್‌ಗೆ ಈಗಲೇ ಸೇರಿಸಿಟ್ಟಿದ್ದೇನೆ. 8103 ಎಂದರೆ ಸೊನ್ನೆಯ ಹತ್ತೂ ಸೇರಿ 22 ಪಲ್ಸ್. ಸೆಕೆಂಡಿಗೆ 10ರ ವೇಗದಲ್ಲಿ, ಅಂಕಿಗಳ ನಡುವೆ ಬೆರಳು ಸರಿಸುವ ಹೊತ್ತನ್ನು ಕೂಡಿಸಿದರೂ, ರಿಂಗ್ ನಿಲ್ಲುವುದರೊಳಗೆ ಮುಗಿಯಬೇಕು. ಸದ್ಯಕ್ಕೆ ಡಯಲ್ ಹಿಂದಿರುಗುವಾಗ ತಡವರಿಸುತ್ತಿದೆ. ಈ ಭಾನುವಾರ ಬಿಚ್ಚಿ, ಧೂಳು ತೆಗೆದು, ಡಯಲಿನ ವೇಗ ಕಾಯುವ ಗವರ್ನರ್‌ಗೆ ಒಂದು ಹನಿ ಎಣ್ಣೆ ಬಿಡಬೇಕು.