ಲಿಥಾಪ್ಸ್‌ಗೆ ನೀರು ಬೇಡದ ತಿಂಗಳುಗಳು

ಲಿಥಾಪ್ಸ್ ಎಂದರೆ ಒಂದು ಜೋಡಿ ದಪ್ಪ ಎಲೆಗಳಷ್ಟೇ ಕಾಣುವ, ಬೆಣಚುಕಲ್ಲಿನಂಥ ಪುಟ್ಟ ಗಿಡ. ಅದನ್ನು ಬೆಳೆಸಲು ಹೊರಟವರು ನನ್ನನ್ನು ಮೊದಲು ಕೇಳುವುದು, ‘ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು?’ ಎಂದು. ವಾರದ ಲೆಕ್ಕ ಈ ಗಿಡಕ್ಕೆ ಒಗ್ಗುವುದಿಲ್ಲ. ಎಲೆ ನೋಡಿ ನೀರು ಹಾಕಬೇಕು.

ಈಗ ಜನವರಿ. ಮೈಸೂರಿನ ನಮ್ಮ ತಾರಸಿಯ ಕುಂಡಗಳಲ್ಲಿ ಎಲೆ ಬದಲಾಗುವ ಕಾಲ. ಹೂವಿನ ಕಾಲ ಮುಗಿದ ಮೇಲೆ ಎರಡು ಎಲೆಗಳ ನಡುವಿನ ಸೀಳು ಅಗಲವಾಗುತ್ತ ಹೋಗುತ್ತದೆ. ಒಳಗೆ ಹೊಸ ಜೋಡಿಯ ನೆತ್ತಿ ಇಣುಕುತ್ತದೆ, ಹಳೆಯ ಜೋಡಿಗೆ ಅಡ್ಡವಾಗಿ. ಅದರ ಕಂದು ಗೆರೆಗಳು ಆಗಲೇ ಸ್ಪಷ್ಟ. ಹಳೆಯ ಎಲೆಗಳು ತಮ್ಮಲ್ಲಿರುವ ನೀರನ್ನೆಲ್ಲ ಹೊಸದಕ್ಕೆ ಬಿಟ್ಟುಕೊಡುತ್ತ ಮೆತ್ತಗಾಗಿ, ಸುಕ್ಕುಗಟ್ಟಿ, ಕೊನೆಗೆ ಈರುಳ್ಳಿ ಸಿಪ್ಪೆಯಂತೆ ಬುಡಕ್ಕೆ ಅಂಟಿಕೊಳ್ಳುತ್ತವೆ. ಈ ಹೊತ್ತಿನಲ್ಲಿ ನೀರು ಬಿದ್ದರೆ ಹಳೆಯ ಎಲೆ ಒಣಗುವುದಿಲ್ಲ. ಎರಡೂ ಜೋಡಿ ಉಬ್ಬುತ್ತವೆ, ಗಿಡ ಕೊಳೆಯುವ ಹಾದಿ ಹಿಡಿಯುತ್ತದೆ.

ತುಳಸಿಗೆ ನೀರೆರೆಯಲು ಬರುವ ನಮ್ಮ ಅತ್ತೆಯವರಿಗೆ ಈ ಸುಕ್ಕು ನೋಡಲಾಗುವುದಿಲ್ಲ. ‘ಒಂದು ತೊಟ್ಟು ಹಾಕಲೇನಮ್ಮ?’ ಎನ್ನುತ್ತಾರೆ. ‘ಬೇಡಿ ಅತ್ತೆ, ಒಳಗಿನದು ಕುಡಿಯುತ್ತಿದೆ’ ಎಂದು ಸೀಳನ್ನು ತೋರಿಸುತ್ತೇನೆ.

ಹಳೆಯ ಎಲೆ ಪೂರ್ತಿ ಒಣಗಿದ ಮೇಲೆ ಒಂದು ಸಂಜೆ ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಕೊಡುತ್ತೇನೆ. ಬಿರುಬೇಸಿಗೆಯಲ್ಲಿ ಮತ್ತೆ ಕೈ ಬಿಗಿ ಹಿಡಿಯಬೇಕು. ಮಳೆಗಾಲದಲ್ಲಿ ಕುಂಡಗಳು ಪಾರದರ್ಶಕ ಶೀಟಿನ ಅಡಿಯಲ್ಲೇ ಇರುತ್ತವೆ. ಮಣ್ಣು ಎನ್ನುವಂಥದ್ದು ಹೆಚ್ಚು ಬೇಡ: ತೊಳೆದ ದಪ್ಪ ಮರಳು, ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು, ಇಟ್ಟಿಗೆ ಚೂರು. ಬೇರು ಆಳಕ್ಕೆ ಇಳಿಯುವುದರಿಂದ ಕುಂಡ ಕನಿಷ್ಠ 10 ಸೆಂ.ಮೀ. ಆಳವಿರಲಿ. ಬೆಳಗಿನ ಬಿಸಿಲು ಧಾರಾಳವಾಗಿ ಬೇಕು. ಬೆಳಕು ಸಾಲದಿದ್ದರೆ ಎಲೆ ಉದ್ದವಾಗಿ ಎದ್ದು ಕಲ್ಲಿನ ರೂಪವೇ ಹೋಗುತ್ತದೆ. ಒಣ ಸಿಪ್ಪೆಯ ಮರೆಯಲ್ಲಿ ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟ ಅಡಗುತ್ತದೆ, ಅಲ್ಲಿ ಆಗಾಗ ಕಣ್ಣಾಡಿಸಬೇಕು.

ತವರಾದ ದಕ್ಷಿಣ ಆಫ್ರಿಕಾ, ನಮೀಬಿಯಾಗಳಲ್ಲಿ ಈ ಗಿಡದ ಬಹುಪಾಲು ನೆಲದೊಳಗೇ ಇರುತ್ತದೆ. ನೆತ್ತಿಯ ಅರೆಪಾರದರ್ಶಕ ಭಾಗದಿಂದ ಬೆಳಕು ಒಳಗಿಳಿದು, ಮಣ್ಣಿನಡಿಯಿರುವ ಹಸಿರು ಅಂಗಾಂಶವನ್ನು ಮುಟ್ಟುತ್ತದೆ. ಎಲೆ ಇಷ್ಟು ಚಿಕ್ಕದಾಗಿ ಇಷ್ಟು ಕೆಲಸ ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. 1811ರಲ್ಲಿ ಇಂಗ್ಲಿಷ್ ನಿಸರ್ಗ ಶೋಧಕ ವಿಲಿಯಂ ಬರ್ಚೆಲ್ ದಕ್ಷಿಣ ಆಫ್ರಿಕಾದ ಪ್ರೀಸ್ಕಾದ ಬಳಿ ವಿಚಿತ್ರ ಆಕಾರದ ಬೆಣಚುಕಲ್ಲೆಂದು ಎತ್ತಿಕೊಂಡದ್ದು ಇಂಥ ಗಿಡವನ್ನೇ.

ಹೂ ಮಧ್ಯಾಹ್ನ ಅರಳಿ ಸಂಜೆ ಮುಚ್ಚುತ್ತದೆ, ಹೀಗೆ ಹಲವು ದಿನ. ತನ್ನದೇ ಪರಾಗದಿಂದ ಅದು ಬೀಜ ಕಟ್ಟುವುದಿಲ್ಲ. ಒಂದೇ ಜಾತಿಯ ಎರಡು ಗಿಡ ಒಟ್ಟಿಗೆ ಅರಳಿದಾಗ ಸಣ್ಣ ಕುಂಚದಿಂದ ಪರಾಗ ದಾಟಿಸುತ್ತೇನೆ. ಬಲಿತು ಒಣಗಿದ ಕಾಯಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಮುಚ್ಚಳಗಳು ಕಣ್ಣೆದುರಿಗೇ ಬಿಚ್ಚಿಕೊಂಡು ನಕ್ಷತ್ರದ ಆಕಾರ ತಾಳುತ್ತವೆ. ತವರಿನಲ್ಲಿ ಹೀಗೆ ಬಿಚ್ಚಿಕೊಂಡ ಕಾಯಿಗೆ ಮಳೆಹನಿ ಅಪ್ಪಳಿಸಿ ಬೀಜ ಸಿಡಿಯುತ್ತದೆ.

ಬೀಜದಿಂದ ಎದ್ದ ಸಸಿ ಹೂ ಬಿಡಲು ಮೂರು ವರ್ಷವಾದರೂ ಬೇಕು. ಆದರೂ ಬೀಜದಿಂದ ಬೆಳೆದದ್ದನ್ನೇ ಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಇದರ ಬಂಧುಗಳಾದ ಕೊನೊಫೈಟಮ್‌ಗಳನ್ನು ದಕ್ಷಿಣ ಆಫ್ರಿಕಾದ ಬಯಲಿನಿಂದ ಕಿತ್ತು ಕಳ್ಳಸಾಗಣೆ ಮಾಡುವುದು 2019ರಿಂದೀಚೆಗೆ ವಿಪರೀತವಾಗಿದೆ. ಮಾರುವವರು ಗಿಡ ಎಲ್ಲಿ ಬೆಳೆದದ್ದೆಂದು ಹೇಳಲು ತಡವರಿಸಿದರೆ ನಾನಂತೂ ಅಲ್ಲಿ ಕೊಳ್ಳುವುದಿಲ್ಲ.