ಒಂದು ಪುಟ ಗಟ್ಟಿಯಾಗಿ ಓದಿ, ಆಮೇಲೆ ಮಾತು: ಕಲಬುರಗಿಯ ನಮ್ಮ ಕಾದಂಬರಿ ಬಳಗ ಇಲ್ಲಿವರೆಗೆ

ಅಂತೂ ‘ಕುಸುಮಬಾಲೆ’ ಮುಗೀತು. ಇದನ್ನು ಮುಗಿಸ್ತೀವಿ ಅಂತ ಬಳಗದ ಅರ್ಧ ಜನಕ್ಕೆ ನಂಬಿಕೆಯೇ ಇರಲಿಲ್ಲ. ಪುಸ್ತಕ ದಪ್ಪ ಅಂತಲ್ಲ, ಸಣ್ಣದೇ. ಆದರೆ ದೇವನೂರ ಮಹಾದೇವ ಅವರು ಬರೆದಿರೋದು ನಂಜನಗೂಡು ಕಡೆಯ ಆಡುಮಾತಿನಲ್ಲಿ, ಅದೂ ಗದ್ಯ ಅನ್ನಬೇಕೋ ಹಾಡು ಅನ್ನಬೇಕೋ ತಿಳಿಯದ ಹಾಗೆ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರು ಮನೆಯಲ್ಲಿ ಒಬ್ಬರೇ ಕೂತು ಕಣ್ಣಲ್ಲಿ ಓದಿದರೆ ಎರಡನೇ ಪುಟಕ್ಕೇ ನಿಂತುಬಿಡ್ತಾರೆ. ನಮ್ಮಲ್ಲಿ ಜಾಸ್ತಿ ಜನ ಹಾಗೇ ನಿಂತಿದ್ದರು.

ಮುಂದಕ್ಕೆ ತಂದಿದ್ದು ಗಟ್ಟಿ ಓದು. ಚಾಮರಾಜನಗರದ ಕಡೆಯ ಹುಡುಗ ಒಬ್ಬ ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದಿದ್ದಾನೆ. ಬಳಗಕ್ಕೆ ಹೊಸಬ. ದೀಪ ಆರಿದ ಮೇಲೆ ಮನೆಮನೆಯ ಜೋತಮ್ಮಗಳು, ಅಂದರೆ ದೀಪದ ಜ್ಯೋತಿಗಳು, ಒಂದು ಕಡೆ ಸೇರಿ ಮಾತಾಡುವ ಭಾಗ ಇದೆಯಲ್ಲ, ಅದನ್ನು ಅವನಿಗೆ ಓದೋಕೆ ಕೊಟ್ಟೆವು. ಅವನು ಅದನ್ನು ಪುಸ್ತಕ ಓದುವ ದನಿಯಲ್ಲಿ ಓದಲೇ ಇಲ್ಲ. ಅವರ ಮನೆಯಲ್ಲಿ ಅಜ್ಜಿ ಮಾತಾಡುವ ಹಾಗೆ, ಎಳೆಯುವಲ್ಲಿ ಎಳೆದು, ನಿಲ್ಲಿಸುವಲ್ಲಿ ನಿಲ್ಲಿಸಿ ಓದಿದ. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಎಲ್ಲರೂ ನಗೋ ಕಡೆ ನಗ್ತಾ ಇದ್ದರು. ನಮ್ಮ ನಿವೃತ್ತ ಮೇಷ್ಟ್ರು, ಮೊದಲ ದಿನವೇ ‘ಇದು ನಮ್ಮ ಕೈಲಿ ಆಗೋದಲ್ರಿ’ ಅಂದಿದ್ದವರು, ಪುಸ್ತಕ ಮಡಿಚಿ ಕೈಯಲ್ಲಿ ಹಿಡಿದು ಸುಮ್ನೆ ಕೇಳ್ತಾ ಕೂತರು. ಆಮೇಲೆ ಅಂದಿದ್ದು, ‘ಇಷ್ಟೇ ಏನು? ಇದು ತಿಳೀತದಲ್ಲ!’

ಅವತ್ತಿಂದ ‘ಕುಸುಮಬಾಲೆ’ಯನ್ನು ಮನೆಯಲ್ಲಿ ಓದಿ ಬನ್ನಿ ಅನ್ನೋದನ್ನೇ ಬಿಟ್ಟೆವು. ಕೂಡಿದಾಗಲೇ ಓದಿದೆವು. ನಿಧಾನ ಆಯ್ತು, ಆಗಲಿ. ಕಥೆಯಲ್ಲಿ ಚೆನ್ನನ ಸಾವು ಬರುವ ಹೊತ್ತಿಗೆ ಅಲ್ಲಿ ಯಾರಿಗೂ ಭಾಷೆಯ ತೊಡಕು ನೆನಪೇ ಇರಲಿಲ್ಲ.

ಬಳಗದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂಜೆ ಸೇರ್ತೀವಿ. ಚಳಿಗಾಲದಲ್ಲಿ ಪಬ್ಲಿಕ್ ಗಾರ್ಡನ್‌ನ ಹುಲ್ಲಿನ ಮೇಲೆ. ಬೇಸಿಗೆಯಲ್ಲಿ ಅದು ಆಗದ ಮಾತು, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತೆ, ಹುಲ್ಲೂ ಸುಡ್ತಿರುತ್ತೆ. ಆಗ ಯಾರದಾದರೂ ಮನೆ ಮಾಳಿಗೆ, ಹೊತ್ತು ಮುಳುಗಿದ ಮೇಲೆ. ಮೇಷ್ಟ್ರು, ಕಾನೂನು ಓದುವ ಇಬ್ಬರು ಹುಡುಗಿಯರು, ತೊಗರಿ ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ನರ್ಸ್ ಒಬ್ಬರು (ನೈಟ್ ಡ್ಯೂಟಿ ಇದ್ದರೂ ಬಂದು ಒಂದು ತಾಸು ಕೂತು ಹೋಗ್ತಾರೆ), ವಿಶ್ವವಿದ್ಯಾಲಯದ ಕೆಲವರು, ಇನ್ನು ಆಗಾಗ ಬಂದು ಹೋಗುವವರು ಬೇಕಾದಷ್ಟು. ಮನೆಮಾತು ಕೆಲವರದು ಉರ್ದು, ಒಬ್ಬರದು ಮರಾಠಿ. ಓದೋದು, ಮಾತಾಡೋದು ಕನ್ನಡದಲ್ಲಿ. ಚಹಾ, ಮಿರ್ಚಿ ಭಜಿ ಮಾತ್ರ ತಪ್ಪೋದಿಲ್ಲ.

ನಮ್ಮ ನಿಯಮ ಒಂದೇ. ಬರುವವರು ಕಾದಂಬರಿಯ ಒಂದು ಪುಟ ಆರಿಸಿಕೊಂಡು ಬರಬೇಕು, ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಮಾತು. ಲೇಖಕರಿಗೆ ಬಂದ ಪ್ರಶಸ್ತಿ, ಅವರ ಜಾತಿ, ಅವರ ರಾಜಕೀಯ, ಸಿನಿಮಾ ಹೇಗಿತ್ತು, ಇದೆಲ್ಲ ಕೊನೆಯ ಅರ್ಧ ತಾಸಿಗೆ. ಶುರುವಿನಲ್ಲಿ ಈ ನಿಯಮ ಇರಲಿಲ್ಲ, ಆಗ ಪುಸ್ತಕವನ್ನು ಮುಟ್ಟದೇ ಇದ್ದವರೂ ಒಂದು ತಾಸು ಮಾತಾಡಬಹುದಿತ್ತು. ಮಾತು ಚೆನ್ನಾಗೇ ಇರ್ತಿತ್ತು, ಆದರೆ ಯಾವ ಪುಸ್ತಕಕ್ಕಾದರೂ ಅದೇ ಮಾತು ಸಲ್ಲುತ್ತಿತ್ತು. ಈಗ ಯಾರಾದರೂ ‘ಈ ಪಾತ್ರ ಹೀಗೆ’ ಅಂದರೆ ಪಕ್ಕದವರು ‘ಯಾವ ಪುಟ?’ ಅಂತಾರೆ. ಓದು ಬಳಗ ಅಂದರೆ ನನಗೆ ಇದೇ. ಪುಟ ತೋರಿಸಿ ಜಗಳ ಆಡಬೇಕು.

ಈ ನಿಯಮದ ಲಾಭ ಮೊದಲು ಕಂಡಿದ್ದು ‘ಸಂಸ್ಕಾರ’ದಲ್ಲಿ. ಅನಂತಮೂರ್ತಿಯವರ ಈ ಕಾದಂಬರಿ ಬಂದಿದ್ದು 1965ರಲ್ಲಿ. ಅದರ ಬಗ್ಗೆ ಮಾತು ಅಂದರೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಂದ ಶುರುವಾಗಿ ಪ್ರಾಣೇಶಾಚಾರ್ಯರಲ್ಲೇ ಮುಗಿಯುತ್ತೆ, ಅಲ್ವಾ? ಕಾನೂನು ಓದುವ ಹುಡುಗಿ ಬೇರೆಯೇ ಪುಟ ತಂದಿದ್ದಳು. ಆಚಾರ ಬಿಟ್ಟು ಬದುಕಿದ ನಾರಣಪ್ಪನ ಹೆಣ ಸುಡೋರು ಯಾರು ಅಂತ ಇಡೀ ಅಗ್ರಹಾರ ಊಟ ಬಿಟ್ಟು ಕೂತಿದೆ, ಆಚಾರ್ಯರು ಶಾಸ್ತ್ರದ ಗ್ರಂಥ ತಿರುವುತ್ತಾ ಇದ್ದಾರೆ, ಅತ್ತ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ರಾತ್ರಿ ಹೋಗಿ ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯನ್ನು ಕರೆದು ತರ್ತಾಳೆ, ಅವನು ಗಾಡಿಯಲ್ಲಿ ಹೆಣ ಸಾಗಿಸಿ ಸುಟ್ಟುಬಿಡ್ತಾನೆ. ಕೆಲಸ ಮುಗೀತು. ಆ ಭಾಗ ಎಷ್ಟು ಚಿಕ್ಕದು ಅಂದರೆ ಓದುವಾಗ ದಾಟಿ ಹೋಗಿಬಿಡಬಹುದು.

ಅವಳು ಕೇಳಿದ ಪ್ರಶ್ನೆ ಇದು: ಹೆಣ ಸುಟ್ಟಾಯ್ತು ಅಂತ ನಮಗೆ ಗೊತ್ತು, ಆದರೆ ಅಗ್ರಹಾರದವರಿಗೆ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ. ಇದನ್ನು ಓದುಗರಿಗೆ ಮೊದಲೇ ಯಾಕೆ ಹೇಳಿಬಿಟ್ಟರು? ಮೇಷ್ಟ್ರು ಹೇಳಿದರು, ಹೇಳದೇ ಇದ್ದಿದ್ದರೆ ಕೊನೆವರೆಗೂ ನಾವು ಹೆಣದ ಚಿಂತೆಯಲ್ಲೇ ಇರ್ತಿದ್ದೆವು, ಆಚಾರ್ಯರ ಅಲೆದಾಟದ ಕಡೆ ಗಮನ ಹೋಗ್ತಿರಲಿಲ್ಲ. ನರ್ಸ್ ಒಪ್ಪಲಿಲ್ಲ. ಅವರ ಪ್ರಕಾರ ಆ ಪುಟ ಇರೋದು ಚಂದ್ರಿಗಾಗಿ. ಹೆಣ ಕೊಳೀತಾ ಇದ್ದರೆ ಏನು ಮಾಡಬೇಕು ಅಂತ ಗೊತ್ತಿದ್ದವಳು ಅವಳೊಬ್ಬಳೇ, ಮಾಡಿದಳು, ಹೋದಳು. ದಿನಾ ಆಸ್ಪತ್ರೆಯಲ್ಲಿ ಸಾವು ನೋಡುವವರ ಬಾಯಿಂದ ಬಂದ ಮಾತು ಅದು, ಅದರ ಎದುರು ಯಾರೂ ತಕ್ಷಣ ಏನೂ ಹೇಳಲಿಲ್ಲ. ನನಗೂ ಅವರ ಮಾತೇ ಸರಿ ಅನಿಸುತ್ತೆ. ಮೇಷ್ಟ್ರು ಮಾತ್ರ ಇನ್ನೂ ತಮ್ಮ ಮಾತಿಗೇ ಅಂಟಿಕೊಂಡಿದ್ದಾರೆ.

ತೇಜಸ್ವಿಯವರ ‘ಕರ್ವಾಲೊ’ ಬೇಗ ಮುಗೀತು. ಎಲ್ಲರಿಗೂ ಇಷ್ಟ ಆಯ್ತು, ಹಾಗಾಗಿ ಚರ್ಚೆ ಅಂತ ಏನೂ ಆಗಲಿಲ್ಲ, ಮಂದಣ್ಣನ ಪುಟಗಳನ್ನು ಓದಿ ಓದಿ ನಕ್ಕಿದ್ದೇ ಬಂತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೆಲವರಿಗೆ ರುಚಿಸಲಿಲ್ಲ. ಅಜ್ಜಿ ಒಂದೊಂದು ವಸ್ತು ಮುಟ್ಟಿ ಹಳೇ ಕಾಲದ ಮಾತು ಹೇಳ್ತಾ ಹೋಗುತ್ತಾಳೆ, ಕಥೆ ಎಲ್ಲಿ ಅಂತ ಕೇಳಿದರು. ನನಗೆ ಅದು ಕನ್ನಡದ ದೊಡ್ಡ ಕಾದಂಬರಿಗಳಲ್ಲಿ ಒಂದು. ಇನ್ನೊಮ್ಮೆ ಓದಿಸಿಯೇ ತೀರ್ತೀನಿ.

ಜಗಳ ಅಂದರೆ ಜಗಳ ಆಗಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ಗೆ. ಕೊನೆಯಲ್ಲಿ ಕಥೆ ಹೇಳುವವನ ಹೆಂಡತಿ ಅನಿತಾಗೆ ಏನಾಯ್ತು ಅನ್ನೋದನ್ನು ಕಾದಂಬರಿ ಬಾಯಿಬಿಟ್ಟು ಹೇಳೋದಿಲ್ಲ. ಕಾಫಿ ಹೌಸ್, ಒಡೆದ ಗ್ಲಾಸು, ಕೈಗೆ ರಕ್ತ, ಅಷ್ಟೇ. ಹಾಗಾದರೆ ಉತ್ತರ ಎಲ್ಲಿದೆ? ಒಬ್ಬರು ಇರುವೆಗಳ ಪುಟ ತಂದರು, ಆ ಮನೆಯವರು ಇರುವೆಗಳ ಮೇಲೆ ಬೀಳುವ ಭಾಗ. ಇನ್ನೊಬ್ಬರು ತಂದಿದ್ದು ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸಿನ ಪುಟ. ಅವನಿಗೆ ಇಷ್ಟ ಅಂತ ಮಸೂರ ಬೇಳೆಯ ಸಾರು ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಅಟ್ಟುತ್ತಾರೆ. ಎರಡೂ ಪುಟ ಒಂದರ ಹಿಂದೆ ಒಂದು ಓದಿದಾಗ ಗೊತ್ತಾಯ್ತು, ಕೊನೆಗೆ ಆಗಬೇಕಾದ್ದು ಮುಂಚೆಯೇ ಎರಡು ಸಲ ಆಗಿಹೋಗಿದೆ. ಮನೆಯೊಳಗೆ ಬಂದ ಹೊರಗಿನ ಜೀವವನ್ನು ಆ ಮನೆ ಏನು ಮಾಡುತ್ತೆ ಅಂತ ನಾವು ನೋಡಿಯಾಗಿದೆ. ನಾನು ಒಬ್ಬನೇ ಓದಿದಾಗ ಆ ಎರಡು ಪುಟಗಳನ್ನು ಜೋಡಿಸಿ ನೋಡಿರಲೇ ಇಲ್ಲ. ಲೆಕ್ಕ ಬರೆಯುವವರು ಮಾತ್ರ, ‘ಬರೆದವರು ಹೇಳದೆ ಬಿಟ್ಟದ್ದನ್ನ ನಾವ್ಯಾಕ ಹೇಳಬೇಕ್ರಿ, ಅಕಿ ಬದುಕಿ ಬರಬಾರದೇನು?’ ಅಂತ ಪಟ್ಟು ಹಿಡಿದರು. ಕತ್ತಲಾದರೂ ಯಾರೂ ಏಳಲಿಲ್ಲ.

ಇನ್ನು ‘ಬದುಕು’. ಗೀತಾ ನಾಗಭೂಷಣ ಅವರು ನಮ್ಮೂರಿನವರು. ಅವರ ತಂದೆ ಇಲ್ಲಿನ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದ ಲೇಖಕಿಯರಲ್ಲಿ ಅದು ಮೊದಲು ಬಂದಿದ್ದು ಇವರಿಗೇ. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2020ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಇದ್ದೂ ನಮ್ಮ ಬಳಗದಲ್ಲಿ ಹೆಸರು ಕೇಳಿದವರು ಬಹಳ, ಓದಿದವರು ಕಡಿಮೆ. ನನಗೆ ಇದು ಸಂಕಟದ ವಿಷಯ. ಮಲೆನಾಡಿನ ಮಳೆ, ಕರಾವಳಿಯ ಹೊಳೆ ನಮಗೆ ಪುಸ್ತಕದಿಂದ ಬಾಯಿಪಾಠ ಆಗಿದೆ, ನಮ್ಮ ಓಣಿ ಮಾತ್ರ ನಮಗೆ ಪುಸ್ತಕದಲ್ಲಿ ಸಿಕ್ಕಿದ್ದು ಕಡಿಮೆ.

‘ಬದುಕು’ ಓದಿದ್ದು ನರ್ಸ್ ಅವರ ಮನೆಯ ಮಾಳಿಗೆಯ ಮೇಲೆ. ಅವರ ತಾಯಿಗೆ ಓದು ಬರಹ ಇಲ್ಲ. ಚಹಾ ಕೊಡೋಕೆ ಬಂದವರು ಗೋಡೆಗೆ ಒರಗಿ ನಿಂತರು, ಆಮೇಲೆ ಸೆರಗು ಸರಿ ಮಾಡಿಕೊಂಡು ಅಲ್ಲೇ ಕೂತರು. ಮಾತೆಲ್ಲ ಅವರದೇ ಮಾತು, ಬೈಗುಳವೂ ಅವರದೇ. ಓದುತ್ತಿದ್ದ ಹುಡುಗಿ ತನ್ನ ಪುಟ ಮುಗಿಸಿ ನಿಲ್ಲಿಸಿದಳು, ನಿಯಮದ ಪ್ರಕಾರ ಇನ್ನು ಚರ್ಚೆ. ಅಮ್ಮ ಕೇಳಿದರು, ‘ಯಾಕ ನಿಂದ್ರಿಸಿದಿ? ಮುಂದ ಏನಾಯ್ತು ಹೇಳವಾ.’ ನಿಯಮ ಪಕ್ಕಕ್ಕಿಟ್ಟು ಅವತ್ತು ಓದಿದ್ದೇ ಓದಿದ್ದು. ನಡುನಡುವೆ ಅಮ್ಮ ‘ಹೌದು, ಹಿಂಗೇ ಮಾಡ್ತಾರ’ ಅಂತಿದ್ದರು, ಒಂದು ಕಡೆ ‘ಪಾಪ, ಕೂಸು’ ಅಂತ ಕಣ್ಣು ಒರೆಸಿಕೊಂಡರು. ಮುಂದಿನ ಸಲ ಪಕ್ಕದ ಮನೆಯ ಇಬ್ಬರನ್ನೂ ಕರೆದುಕೊಂಡು ಬಂದರು. ಅವರು ಈಗಲೂ ಬರ್ತಾರೆ. ಅಕ್ಷರ ಗೊತ್ತಿಲ್ಲದವರು ನಮ್ಮ ಬಳಗದ ಖಾಯಂ ಸದಸ್ಯರು, ಅವರಷ್ಟು ಗಮನ ಇಟ್ಟು ಕೇಳೋರು ಇನ್ನೊಬ್ಬರಿಲ್ಲ.

ಇದಾದ ಮೇಲೆ ಪುಸ್ತಕ ಆರಿಸುವ ರೀತಿಯೇ ಬದಲಾಯ್ತು. ಯಾರಾದರೂ ಒಂದು ಕಾದಂಬರಿ ಸೂಚಿಸಿದರೆ ನಡುವಿನ ಯಾವುದಾದರೂ ಪುಟ ತೆಗೆದು ಓದಿಸ್ತೀವಿ. ಬರೀ ವಿಚಾರ ತುಂಬಿದ, ಎರಡು ಪುಟದುದ್ದ ಲೇಖಕರೇ ಭಾಷಣ ಮಾಡುವ ಪುಸ್ತಕ ದನಿಗೆ ಕೂರೋದಿಲ್ಲ, ಕೇಳೋರು ಫೋನ್ ತೆಗೀತಾರೆ. ಒಳಗೊಳಗೇ ನಡೆಯುವ, ಮೆಲ್ಲಗೆ ಒಬ್ಬರೇ ಓದಬೇಕಾದ ಕೆಲವು ಒಳ್ಳೆಯ ಕಾದಂಬರಿಗಳೂ ಇದರಿಂದ ಹೊರಗುಳಿಯುತ್ತವೆ, ನಿಜ. ವಿಶ್ವವಿದ್ಯಾಲಯದ ಗೆಳೆಯರ ತಕರಾರು ಇದೇ. ಅಂಥವನ್ನು ವರ್ಷಕ್ಕೆ ಒಂದೆರಡು, ಮನೆಯಲ್ಲಿ ಪೂರ್ತಿ ಓದಿ ಬರುವ ಕರಾರಿನ ಮೇಲೆ ಇಟ್ಟುಕೊಳ್ಳೋಣ ಅಂತ ಮಾತಾಗಿದೆ.

ಪ್ರತಿಗಳದ್ದೇ ತಲೆನೋವು. ಹಳೇ ಕಾದಂಬರಿ ಅಂದರೆ ಇಲ್ಲಿನ ಅಂಗಡಿಗಳಲ್ಲಿ ಒಂದೋ ಎರಡೋ ಪ್ರತಿ ಸಿಕ್ಕರೆ ಹೆಚ್ಚು. ಗ್ರಂಥಾಲಯದ ಪ್ರತಿ ಒಬ್ಬರ ಹೆಸರಲ್ಲಿ ತಂದು, ಸರದಿಯಲ್ಲಿ ಓದಿ, ಹೊತ್ತಿಗೆ ಸರಿಯಾಗಿ ವಾಪಸ್ ಕೊಡ್ತೀವಿ. ಯಾರಾದರೂ ಸೊಲ್ಲಾಪುರ–ಹಾಸನ ರೈಲಿನಲ್ಲಿ ಬೆಂಗಳೂರಿಗೆ ಹೊರಟರೆ ಅವರ ಕೈಗೊಂದು ಚೀಟಿ ಗ್ಯಾರಂಟಿ. ಗಟ್ಟಿ ಓದಿಗೆ ಎಲ್ಲರ ಕೈಯಲ್ಲೂ ಪುಸ್ತಕ ಬೇಕಿಲ್ಲ ಅನ್ನೋದೂ ಒಂದು ಅನುಕೂಲವೇ.

ಮುಂದಿನದು ರಾವಬಹಾದ್ದೂರ ಅವರ ‘ಗ್ರಾಮಾಯಣ’, 1957ರದ್ದು. ಉತ್ತರ ಕರ್ನಾಟಕದ ಒಂದು ಹಳ್ಳಿ ಹಾಳಾಗುತ್ತಾ ಹೋಗುವ ಕಥೆ, ನಾಯಕ ಅಂತ ಒಬ್ಬ ಇಲ್ಲ, ಊರೇ ಎಲ್ಲ. ದೊಡ್ಡ ಪುಸ್ತಕ, ಪೂರ್ತಿ ಗಟ್ಟಿಯಾಗಿ ಓದೋಕೆ ಆಗೋದಿಲ್ಲ, ಮನೆ ಓದು ಜಾಸ್ತಿ ಬೇಕು. ತೊಗರಿ ರಾಶಿ ಮುಗಿದು ಮಾರುಕಟ್ಟೆಗೆ ಬರುವ ಕಾಲದಲ್ಲಿ ಲೆಕ್ಕದವರಿಗೆ ಪುರುಸೊತ್ತು ಇರೋದಿಲ್ಲ, ಅವರಿಲ್ಲದೆ ಹಳ್ಳಿ ರಾಜಕೀಯದ ಕಾದಂಬರಿ ಶುರು ಮಾಡೋದು ಬೇಡ ಅಂತ ಎಲ್ಲರೂ ಅಂದರು. ಹಾಗಾಗಿ ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಶುರು. ಸದ್ಯಕ್ಕೆ ಎರಡು ಪ್ರತಿ ಇವೆ, ಒಂದರ ರಟ್ಟು ಕಿತ್ತಿದೆ, ಮೇಷ್ಟ್ರು ಹೊಲಿಸಿಕೊಡ್ತೀನಿ ಅಂತ ಒಯ್ದಿದ್ದಾರೆ. ಇನ್ನೊಂದು ಮೊದಲು ಕಾನೂನಿನ ಹುಡುಗಿಯರ ಹತ್ತಿರ, ಆಮೇಲೆ ನನ್ನ ಹತ್ತಿರ. ಮೂರನೇ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ತಗೊಂಡು ಬನ್ನಿ, ಓದೋಕೆ ಒಂದು ಪುಟವನ್ನೂ ಗುರುತು ಹಾಕಿಕೊಂಡು ಬನ್ನಿ.